ನಡುಗೆರೆ ತಪ್ಪದಿರಲಿ: ಮನೆಯಲ್ಲೇ ಎಲೆಕ್ಟ್ರಿಕ್ ಗಿಟಾರ್ ಕಟ್ಟುವವರಿಗೆ

ನನ್ನ ಮೊದಲ ಗಿಟಾರಿನ ನಕ್ಷೆಯನ್ನು ಪ್ರಿಂಟ್ ಹಾಕಿಸುವಾಗ ಚಿತ್ರ ಹಾಳೆಗೆ ಹೊಂದಿಕೊಳ್ಳಲೆಂದು ನೂರಕ್ಕೆ ಮೂರರಷ್ಟು ಕುಗ್ಗಿತ್ತು. ನನಗೆ ಗೊತ್ತಾಗಲಿಲ್ಲ. ಮರ ಕತ್ತರಿಸಿ, ನೆಕ್ (ಗಿಟಾರಿನ ಉದ್ದ ಕೊರಳು) ಕೂರುವ ಗುಂಡಿ ತೋಡಿ, ನೆಕ್ ಇಟ್ಟು ನೋಡಿದರೆ ಒಳಗೆ ಇಳಿಯಲೊಲ್ಲದು. ನನಗೆ ಮರಗೆಲಸದ ಅಆಇಈ ಹೇಳಿಕೊಟ್ಟ ಪಕ್ಕದ ಬೀದಿಯ ಆಚಾರ್ರು ಅದನ್ನು ತಿರುಗಿಸಿ ನೋಡಿ, "ಇದ್ಯಾಕಪ್ಪಾ ಇಷ್ಟು ಬಿಗಿ ಬಂತು?" ಅಂದರು. "ಮಳೆಗಾಲ ಅಲ್ವಾ ಆಚಾರ್ರೇ, ಮರ ಉಬ್ಬಿರಬೇಕು" ಅಂದೆ. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನಾನು ಉಪ್ಪುಕಾಗದ ಹಿಡಿದು ಗುಂಡಿಯನ್ನು ಅಗಲ ಮಾಡಿಕೊಂಡೆ.

ಬಣ್ಣ ಹೊಡೆದು, ವೈರಿಂಗ್ ಮುಗಿಸಿ, ತಂತಿ ಕಟ್ಟಿ ಶ್ರುತಿ ಮಾಡಿದ ಮೇಲೆ ನಿಜ ಹೊರಬಿತ್ತು. ತಂತಿಯನ್ನು ಬಿಟ್ಟು ಮೀಟಿದರೆ ಶ್ರುತಿ ಸರಿ, ಹನ್ನೆರಡನೇ ಫ್ರೆಟ್ (ನೆಕ್ಕಿಗೆ ಅಡ್ಡಲಾಗಿ ಕೂರಿಸಿದ ಲೋಹದ ಮೆಟ್ಟಿಲು) ಒತ್ತಿದರೆ ಸ್ವರ ಏರಿದೆ. ಸ್ಯಾಡಲ್‌ಗಳನ್ನು (ಬ್ರಿಜ್ ಮೇಲೆ ತಂತಿಗಳನ್ನು ಹೊರುವ, ಹಿಂದೆ ಮುಂದೆ ಸರಿಯುವ ತುಂಡುಗಳು) ಹಿಂದಕ್ಕೆ ಸರಿಸಿ ಸರಿಸಿ ಸ್ಕ್ರೂ ಮುಗಿಯಿತೇ ಹೊರತು ಏರಿದ್ದು ಇಳಿಯಲಿಲ್ಲ. ಬ್ರಿಜ್ ಐದೂವರೆ ಮಿ.ಮೀ. ಮುಂದೆ ಕೂತಿತ್ತು. ಆಚಾರ್ರು ಕೇಳಿದ ಪ್ರಶ್ನೆಗೆ ಆಗಲೇ ಟೇಪು ಹಿಡಿದು ಉತ್ತರ ಹುಡುಕಿದ್ದರೆ ಎರಡು ತಿಂಗಳ ಕೆಲಸ ಉಳಿಯುತ್ತಿತ್ತು.

ವೀಣೆಯಾದರೆ ಇಂಥ ತಪ್ಪಿಗೆ ದಾರಿಯಿದೆ. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಮೇಳ ಕಟ್ಟುವವರು ಮೇಣ ಬಿಸಿ ಮಾಡಿ, ಕಿವಿಗೊಟ್ಟು, ಒಂದೊಂದೇ ಮೆಟ್ಟಿಲನ್ನು ಸರಿಸಿ ಕೂರಿಸುತ್ತಾರೆ. ಗಿಟಾರಿನ ಫ್ರೆಟ್ಟುಗಳು ಮರದಲ್ಲಿ ಹೊಡೆದು ಕೂರಿಸಿದವು, ಅಲ್ಲಾಡುವುದಿಲ್ಲ. ಹಾಗಾಗಿ ಅವಕ್ಕೆ ತಕ್ಕಂತೆ ಬ್ರಿಜ್ಜೇ, ಅಂದರೆ ವೀಣೆಯವರು ಕುದುರೆ ಅನ್ನುತ್ತಾರಲ್ಲ ಅದೇ, ಸರಿಯಾದ ಜಾಗಕ್ಕೆ ಬಂದು ಕೂರಬೇಕು. ಈ ಲೇಖನದಲ್ಲಿ ಮರದ ಬಗ್ಗೆ, ಬಣ್ಣದ ಬಗ್ಗೆ, ಬೆಸುಗೆಯ ಬಗ್ಗೆ ಎಲ್ಲ ಹೇಳುತ್ತೇನೆ. ಆದರೆ ಪದೇ ಪದೇ ಎರಡೇ ಅಳತೆಗಳ ಹತ್ತಿರ ಬರುತ್ತೇನೆ: ಬಾಡಿಯ ಉದ್ದಕ್ಕೂ ಎಳೆದ ನಡುಗೆರೆ, ಮತ್ತು ನೆಕ್ಕಿನ ತಲೆಯ ಬಳಿ ತಂತಿಗಳು ಹಾಯುವ ಪಟ್ಟಿ, ಅಂದರೆ ನಟ್‌ನಿಂದ ಸ್ಯಾಡಲ್‌ವರೆಗಿನ ದೂರ.

ಯಾವ ಗಿಟಾರ್, ಮೊದಲು ಏನು ಕೊಳ್ಳಬೇಕು

ಮೊದಲ ಸಲ ಕಟ್ಟುವವರಿಗೆ ನಾನು ಹೇಳುವುದು ಟೆಲಿಕಾಸ್ಟರ್ ಬಗೆಯದು. ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಮನುಷ್ಯ. ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. 1950ರಲ್ಲಿ ಬ್ರಾಡ್‌ಕಾಸ್ಟರ್ ಎಂಬ ಹೆಸರಲ್ಲಿ ಹೊರಟ ಅವನ ಗಿಟಾರಿಗೆ, ಆ ಹೆಸರು ಗ್ರೆಚ್ ಕಂಪನಿಯ ಡ್ರಮ್ಮಿನ ಹೆಸರಿಗೆ ಹತ್ತಿರವಾಯಿತೆಂದು, 1951ರಲ್ಲಿ ಟೆಲಿಕಾಸ್ಟರ್ ಎಂದು ಹೆಸರಾಯಿತು. ರಿಪೇರಿಯವನ ಬುದ್ಧಿ ಅದರ ಮೈತುಂಬ ಕಾಣುತ್ತದೆ. ಚಪ್ಪಟೆ ಹಲಗೆ, ಅದರಲ್ಲಿ ಒಂದು ಗುಂಡಿ, ನಾಲ್ಕು ಸ್ಕ್ರೂ ಬಿಗಿದರೆ ನೆಕ್ ಕೂತಿತು. ನೆಕ್ಕಿಗೆ ಓರೆ ಕೋನವಿಲ್ಲ, ಬಾಡಿಗೆ ಉಬ್ಬುತಗ್ಗಿಲ್ಲ. ಗಿಬ್ಸನ್ ಲೆಸ್ ಪಾಲ್ ಥರದ್ದರಲ್ಲಿ ನೆಕ್ಕನ್ನು ಕೋನ ಕೊಟ್ಟು ಅಂಟಿಸಬೇಕು. ಅಲ್ಲಿ ಅರ್ಧ ಡಿಗ್ರಿ ತಪ್ಪಿದರೂ ತಂತಿಯ ಎತ್ತರ ಕೆಡುತ್ತದೆ. ಮೂರನೆಯ ಗಿಟಾರಿಗೆ ಅದನ್ನು ಇಟ್ಟುಕೊಳ್ಳಿ.

ಮೊದಲ ಸಲ ನೆಕ್ ಕೊಂಡುಕೊಳ್ಳಿ. "ಕೈಯಾರೆ ಕಟ್ಟಿದ್ದು ಅಂತ ಹೇಗೆ ಹೇಳೋದು?" ಅಂತ ಒಬ್ಬ ಗೆಳೆಯ ಕೆಣಕಿದ. ಫ್ರೆಟ್ ಕೂರುವ ಗಾಡಿ (ಸೀಳು) ಕೊರೆಯುವುದು, ನೆಕ್ಕಿನ ಬಾಗು ತಿದ್ದುವ ಒಳಗಿನ ಕಂಬಿಯಾದ ಟ್ರಸ್ ರಾಡ್ ಕೂರಿಸುವುದು, ಹಿಂಬದಿ ಉರುಟು ಮಾಡುವುದು ಬೇರೆಯೇ ವಿದ್ಯೆ. ಮೊದಲ ನೆಕ್ ಕೆಡುತ್ತದೆ, ಕೆಟ್ಟ ನೆಕ್ ಹಾಕಿದ ಗಿಟಾರನ್ನು ಯಾರೂ ನುಡಿಸುವುದಿಲ್ಲ. ಬಾಡಿಯನ್ನು ನೀವು ಮಾಡಿ, ಕೊಂಡ ನೆಕ್ಕಿನ ಫ್ರೆಟ್ಟುಗಳನ್ನು ನೀವೇ ಮಟ್ಟ ಮಾಡಿ. ಕೈಗೆ ಕೆಲಸ ಸಾಕಷ್ಟು ಸಿಗುತ್ತದೆ.

ನೆಕ್ ಕೈಗೆ ಬರುವ ತನಕ ಮರಕ್ಕೆ ಗರಗಸ ಹಾಕಬೇಡಿ. ಬ್ರಿಜ್, ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ), ಕಂಟ್ರೋಲ್ ಪ್ಲೇಟ್ (ಸ್ವಿಚ್ಚು, ತಿರುಪುಗಳು ಕೂರುವ ತಗಡು) ಕೂಡ ಮುಂದಿರಲಿ. ನಕ್ಷೆ ಏನೇ ಹೇಳಲಿ, ನಿಮ್ಮ ಕೈಯಲ್ಲಿರುವ ವಸ್ತುವಿನ ಅಳತೆಯೇ ಅಳತೆ. ಫೆಂಡರ್ ಬಗೆಯ ನೆಕ್ಕಿನ ಸ್ಕೇಲ್ (ನಟ್‌ನಿಂದ ಸ್ಯಾಡಲ್‌ವರೆಗೆ ತಂತಿಯ ಉದ್ದ) 25.5 ಇಂಚು, ಅಂದರೆ ಸುಮಾರು 648 ಮಿ.ಮೀ. ನಟ್‌ನ ಮುಂದಂಚಿನಿಂದ ಹನ್ನೆರಡನೇ ಫ್ರೆಟ್ಟಿನ ನಡುನೆತ್ತಿಗೆ ಸ್ಟೀಲ್ ಸ್ಕೇಲ್ ಇಟ್ಟು ಅಳೆಯಿರಿ. 324 ಬರಬೇಕು. ಬೇರೆ ಬಂದರೆ ಅದನ್ನೇ ಎರಡರಿಂದ ಗುಣಿಸಿ, ಅದು ನಿಮ್ಮ ಸ್ಕೇಲ್. ಈ ಅಂಕಿಯನ್ನು ಗೋಡೆಯ ಮೇಲೆ ಬರೆದುಕೊಳ್ಳಿ.

ನಕ್ಷೆಯನ್ನು ಪ್ರಿಂಟ್ ಹಾಕಿಸುವ ಮೊದಲು ಅದರ ಮೂಲೆಯಲ್ಲಿ ಉದ್ದಕ್ಕೆ ನೂರು, ಅಡ್ಡಕ್ಕೆ ನೂರು ಮಿ.ಮೀ. ಗೆರೆ ಹಾಕಿಡಿ. ಅಂಗಡಿಯ ಬಾಗಿಲಲ್ಲೇ ಸ್ಕೇಲ್ ಇಟ್ಟು ನೋಡಿ. 97 ಬಂದರೆ ಹಾಳೆ ಅಲ್ಲೇ ಬಿಟ್ಟು ಬನ್ನಿ.

ಮರ

ಮರದ ಬಗ್ಗೆ ಗಿಟಾರಿನವರು ಆಡುವಷ್ಟು ಮಾತು ಮದುವೆ ಮನೆಯಲ್ಲಿ ಜಾತಕದ ಬಗ್ಗೆಯೂ ಆಡುವುದಿಲ್ಲ. ನನ್ನ ಮಟ್ಟಿಗೆ ಗಟ್ಟಿ ಬಾಡಿಯ ಎಲೆಕ್ಟ್ರಿಕ್ ಗಿಟಾರಿನಲ್ಲಿ ಮರ ಒಣಗಿರಬೇಕು, ಹಗುರವಿರಬೇಕು, ಸ್ಕ್ರೂ ಹಿಡಿಯಬೇಕು. ಸದ್ದನ್ನು ಪಿಕಪ್ಪು, ಅದರ ಎತ್ತರ, ಆಂಪ್ಲಿಫೈಯರ್ ನೋಡಿಕೊಳ್ಳುತ್ತವೆ.

ಅಮೆರಿಕದಲ್ಲಿ ಆಶ್, ಆಲ್ಡರ್ ಬಳಸುತ್ತಾರೆ. ಇಲ್ಲಿ ಅವನ್ನು ಹುಡುಕಿ ತರಿಸುವ ಗೋಜು ಬೇಡ. ತೋಟದ ಮಹಾಗನಿ ಚೆನ್ನಾಗಿದೆ. ಹೆಬ್ಬೇವು ಹಗುರ, ಆದರೆ ಮೆತ್ತಗೆ, ಉಗುರು ಒತ್ತಿದರೂ ಗುರುತು ಬೀಳುತ್ತದೆ. ತೇಗ ಬಾಳಿಕೆ ಬರುತ್ತದೆ, ಭಾರವೂ ಬರುತ್ತದೆ, ಅದರ ಎಣ್ಣೆಯಂಶ ಅಂಟಿಗೂ ಬಣ್ಣಕ್ಕೂ ತಕರಾರು ಮಾಡುತ್ತದೆ. ನಾನು ಆರಿಸಿದ್ದು ಹಲಸು. ವೀಣೆಗೆ, ಮೃದಂಗಕ್ಕೆ ಒದಗಿದ ಮರ ಇದಕ್ಕೆ ಒದಗದೆ ಇರುತ್ತದೆಯೇ ಅನ್ನುವುದು ಒಂದು ಕಾರಣ, ಸಾಮಿಲ್ಲಿನಲ್ಲಿ ಎರಡಡಿಯ ತುಂಡುಗಳು ಅಗ್ಗಕ್ಕೆ ಸಿಕ್ಕಿದ್ದು ನಿಜವಾದ ಕಾರಣ. "ಮಣೆ ಮಾಡಿಸ್ತೀರಾ ಸಾರ್?" ಅಂತ ಮಿಲ್ಲಿನವನು ಕೇಳಿದ. ಹೂಂ ಅಂದೆ. ಹೊಸದಾಗಿ ಕೊಯ್ದಾಗ ಅರಿಶಿನದಂಥ ಹಳದಿ, ಬೆಳಕಿಗೆ ಇಟ್ಟರೆ ವರ್ಷ ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಬಾಡಿ ಎರಡೂವರೆ ಕಿಲೋ ಹತ್ತಿರ ಬಂತು. ಇದಕ್ಕಿಂತ ಭಾರವಾದರೆ ಭುಜ ದೂರುತ್ತದೆ. ಜಾರ್ಜ್ ಹ್ಯಾರಿಸನ್‌ಗೆ ಫೆಂಡರ್ ಕಂಪನಿ ಇಡೀ ರೋಸ್‌ವುಡ್‌ನಲ್ಲೇ ಒಂದು ಟೆಲಿಕಾಸ್ಟರ್ ಮಾಡಿಕೊಟ್ಟಿತ್ತು, ಬೀಟಲ್ಸ್ 1969ರ ಜನವರಿಯಲ್ಲಿ ತಾರಸಿಯ ಮೇಲೆ ನುಡಿಸಿದಾಗ ಅವನ ಕೈಯಲ್ಲಿದ್ದದ್ದು ಅದೇ. ನೋಡಲು ಚೆಂದ, ಹೊರಲು ಕಷ್ಟ.

ರೋಸ್‌ವುಡ್ ಅಂದೆನಲ್ಲ, ಅದರ ನಮ್ಮ ಜಾತಿಯೇ ಬೀಟೆ. ಜಗತ್ತಿನ ಎಷ್ಟೋ ಗಿಟಾರುಗಳ ಫ್ರೆಟ್‌ಬೋರ್ಡು ದಕ್ಷಿಣ ಭಾರತದ ಬೀಟೆಯದ್ದು. ಇಲ್ಲಿ ಅದನ್ನು ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಬಿಲ್ ಇಲ್ಲದ ಬೀಟೆ ತುಂಡು ಎಷ್ಟೇ ಚೆಂದವಿದ್ದರೂ ಮುಟ್ಟಬೇಡಿ. 2017ರಿಂದ ಬೀಟೆಯ ಕುಲದ ಹೆಚ್ಚುಕಡಿಮೆ ಎಲ್ಲ ಮರಗಳೂ ಅಳಿವಿನ ಭಯವಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಬಂತು, ಕಚ್ಚಾ ಮರಕ್ಕೆ ಬರಲಿಲ್ಲ. ಇನ್ನೊಂದು ಮಾತು, ಬೀಟೆಯ ಪುಡಿ ಕೆಲವರಿಗೆ ಮೈ ತುರಿಕೆ, ಉಬ್ಬಸ ತರುತ್ತದೆ. ಯಾವ ಮರವಾದರೂ ಮಾಸ್ಕ್ ಹಾಕದೆ ಉಜ್ಜಬೇಡಿ.

ಮರ ಒಣಗಿದೆಯೋ ಇಲ್ಲವೋ ತಿಳಿಯಲು ತೇವಾಂಶದ ಮೀಟರ್ ಇದ್ದರೆ 12ಕ್ಕಿಂತ ಕೆಳಗೆ ಇರಲಿ. ಇಲ್ಲದಿದ್ದರೆ ಅಡುಗೆಮನೆಯ ತಕ್ಕಡಿ ಸಾಕು. ಹಲಗೆಯನ್ನು ಗಾಳಿಯಾಡುವ ಕಡೆ ನಿಲ್ಲಿಸಿ, ಪ್ರತಿ ಭಾನುವಾರ ತೂಕ ನೋಡಿ ಅದರ ಮೇಲೇ ಪೆನ್ಸಿಲಿನಲ್ಲಿ ಬರೆಯಿರಿ. ನಾಲ್ಕು ವಾರ ತೂಕ ಇಳಿಯದೆ ನಿಂತರೆ ಒಣಗಿದೆ ಅಂತ ಲೆಕ್ಕ. ನನ್ನದು ಮೂರು ತಿಂಗಳು ತೆಗೆದುಕೊಂಡಿತು.

ಅಂಟು, ಅಚ್ಚು, ರೌಟರ್

ಬಾಡಿಗೆ ಸುಮಾರು 420 ಮಿ.ಮೀ. ಉದ್ದ, 340 ಅಗಲ, 45 ದಪ್ಪದ ಹಲಗೆ ಬೇಕು. ಅಷ್ಟು ಅಗಲದ ಒಂದೇ ತುಂಡು ಸಿಗುವುದು ಅಪರೂಪ, ಎರಡು ತುಂಡು ಜೋಡಿಸಬೇಕು. ಕೀಸುಳಿಯಿಂದ ಎರಡೂ ಅಂಚು ಹೆರೆದು, ಒಂದರ ಮೇಲೊಂದು ನಿಲ್ಲಿಸಿ ಕಿಟಕಿಯ ಕಡೆ ಹಿಡಿಯಿರಿ. ಬೆಳಕು ಎಲ್ಲೂ ಇಣುಕಬಾರದು. ಆಮೇಲೆ ಮಾಮೂಲು ಬಿಳಿ ಮರದಂಟು ಹಚ್ಚಿ, ಮೂರು ಕಡೆ ಕ್ಲ್ಯಾಂಪ್ ಹಾಕಿ, ಅಂಟು ಸಣ್ಣ ಮಣಿಗಳಂತೆ ಸಾಲಾಗಿ ಹೊರಬರುವಷ್ಟು ಬಿಗಿದು ಒಂದು ದಿನ ಬಿಡಿ. ಜೋಡಣೆಯ ಗೆರೆ ಬಾಡಿಯ ನಡುವಿಗೇ ಬರುವಂತೆ ಇಟ್ಟುಕೊಂಡರೆ ನೋಡಲು ಚೆಂದ. ಆದರೆ ಅದನ್ನೇ ನಡುಗೆರೆ ಅಂದುಕೊಳ್ಳಬೇಡಿ, ಅದು ಓರೆಯಿರಬಹುದು. ನಡುಗೆರೆಯನ್ನು ಚೂಪು ಪೆನ್ಸಿಲಿನಿಂದ ಬೇರೆಯಾಗಿ ಎಳೆಯಿರಿ. ಎರಡೂ ತುದಿಯಲ್ಲಿ ಹಲಗೆಯ ದಪ್ಪದ ಮೇಲೂ ಇಳಿಸಿ, ಉಜ್ಜುವಾಗ ಮೇಲಿನ ಗೆರೆ ಅಳಿಸಿದರೆ ಅಲ್ಲಿಂದ ಮತ್ತೆ ಎಳೆದುಕೊಳ್ಳಬಹುದು.

ಆಕಾರವನ್ನು ನೇರವಾಗಿ ಮರಕ್ಕೆ ಕೊರೆಯಬಾರದು. ಮೊದಲು 12 ಮಿ.ಮೀ. ಎಂಡಿಎಫ್ ಹಲಗೆಯಲ್ಲಿ ಅಚ್ಚು ಮಾಡಿ. ಎಂಡಿಎಫ್ ಕೆಟ್ಟರೆ ಇನ್ನೊಂದು ತುಂಡು ತರಬಹುದು. ಅಚ್ಚಿನ ಅಂಚನ್ನು ಬೆರಳಾಡಿಸಿ ನೋಡಿ, ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಗುತ್ತದೆ. ಅಚ್ಚಿನ ಮೇಲೂ ನಡುಗೆರೆ ಇರಲಿ. ಎರಡು ಗೆರೆ ಕೂಡಿಸಿ, ಎರಡು ಬದಿ ಅಂಟುವ ಟೇಪಿನಿಂದ ಮರಕ್ಕೆ ಅಂಟಿಸಿ.

ಜಿಗ್‌ಸಾದಿಂದ ಅಚ್ಚಿಗಿಂತ ಎರಡು ಮೂರು ಮಿ.ಮೀ. ಹೊರಗೆ ಕತ್ತರಿಸಿ, ಉಳಿದದ್ದನ್ನು ಅಚ್ಚಿನ ಅಂಚಿಗೆ ಒರಗಿ ಓಡುವ ಬೇರಿಂಗ್ ಇರುವ ಬಿಟ್ ಹಾಕಿದ ರೌಟರಿನಿಂದ (ಮರ ಕೊರೆಯುವ ಕೈಯಂತ್ರ) ತೆಗೆಯಿರಿ. ಒಂದು ಸಲಕ್ಕೆ ಐದು ಮಿ.ಮೀ.ಗಿಂತ ಆಳ ಬೇಡ. ಹೊರಅಂಚಿನಲ್ಲಿ ರೌಟರನ್ನು ಗಡಿಯಾರದ ಮುಳ್ಳಿಗೆ ಎದುರಾಗಿ, ಒಳಗಿನ ಕುಳಿಗಳಲ್ಲಿ ಮುಳ್ಳಿನ ದಿಕ್ಕಿಗೆ ಓಡಿಸಬೇಕು. ತಿರುಗಾ ಮಾಡಿದರೆ ಅದು ಕೈಯಿಂದ ಕಿತ್ತುಕೊಂಡು ಓಡುತ್ತದೆ. ಕೊಂಬಿನ ತುದಿ ಮತ್ತು ಸೊಂಟದ ತಿರುವಿನಲ್ಲಿ ಎಳೆ ಅಡ್ಡ ಬರುವುದರಿಂದ ಚಕ್ಕೆ ಎದ್ದು ಹೋಗುವ ಭಯ. ಅಲ್ಲಿ ಎರಡೇ ಮಿ.ಮೀ. ಆಳಕ್ಕೆ, ನಿಧಾನಕ್ಕೆ ಹೋಗಿ. ನನ್ನ ಹಲಸಿನ ಕೊಂಬಿನಲ್ಲಿ ಹೆಬ್ಬೆರಳ ಉಗುರಷ್ಟು ಚಕ್ಕೆ ಹಾರಿತು. ನೆಲವೆಲ್ಲ ಹುಡುಕಿ ಅದನ್ನೇ ತಂದು ಅಂಟಿಸಿದೆ, ಈಗ ನನ್ನ ಬಿಟ್ಟು ಯಾರಿಗೂ ಕಾಣುವುದಿಲ್ಲ.

ಅಂಚು ಉರುಟು ಮಾಡುವ ಕೆಲಸ ಈಗಲೇ ಬೇಡ. ನೆಕ್ ಗುಂಡಿ, ಪಿಕಪ್ ಕುಳಿಗಳನ್ನೆಲ್ಲ ತೋಡಿ ಮುಗಿಸಿ, ಆಮೇಲೆ. ಅಂಚು ಚಪ್ಪಟೆ ಇದ್ದಷ್ಟು ಹೊತ್ತು ರೌಟರಿಗೆ ಕೂರಲು ಜಾಗ.

ನೆಕ್ ಗುಂಡಿ ಮತ್ತು ದಾರ

ಇದು ಇಡೀ ಕೆಲಸದ ಜೀವ. ಇಲ್ಲಿ ಒಂದು ದಿನ ಪೂರ್ತಿ ಇಟ್ಟುಕೊಳ್ಳಿ, ಫೋನ್ ಬೇರೆ ಕೋಣೆಯಲ್ಲಿಡಿ.

ಫೆಂಡರ್ ಅಳತೆಯಲ್ಲಿ ಗುಂಡಿಯ ಆಳ 16 ಮಿ.ಮೀ., ಅಗಲ ಸುಮಾರು 55.6. ಆದರೆ ಗುಂಡಿಯ ಅಚ್ಚನ್ನು ಆ ಅಂಕಿಯಿಂದ ಮಾಡಬೇಡಿ, ನೆಕ್ಕಿನ ಬುಡವನ್ನೇ ಎಂಡಿಎಫ್ ಮೇಲಿಟ್ಟು ಅದರ ಎರಡೂ ಬದಿಗೆ ನೇರ ಪಟ್ಟಿಗಳನ್ನು ಒತ್ತಿ ಅಂಟಿಸಿ ಅಚ್ಚು ಕಟ್ಟಿ. ಮೊದಲು ಬೇಡದ ತುಂಡಿನಲ್ಲಿ ಒಂದು ಗುಂಡಿ ತೋಡಿ ನೋಡಿ. ನೆಕ್ಕನ್ನು ಗುಂಡಿಗೆ ಒತ್ತಿ ಕೂರಿಸಿ, ನೆಕ್ ಹಿಡಿದು ಎತ್ತಿದರೆ ತುಂಡೂ ಜೊತೆಗೆ ಮೇಲೇಳಬೇಕು, ಒಮ್ಮೆ ಅಲ್ಲಾಡಿಸಿದರೆ ಕಳಚಿ ಬೀಳಬೇಕು. ಅಷ್ಟು ಬಿಗಿ ಸಾಕು. ಬಣ್ಣದ ಪದರಕ್ಕೂ ಜಾಗ ಬೇಕಲ್ಲ.

ಗುಂಡಿ ತೋಡಿಯಾಯಿತು ಅನ್ನಿ. ನೆಕ್ಕನ್ನು ಕೂರಿಸಿ ಕ್ಲ್ಯಾಂಪ್ ಹಾಕಿ. ಬ್ರಿಜ್ಜಿಗೆ ಇನ್ನೂ ತೂತು ಹಾಕಬೇಡಿ, ಬಾಡಿಯ ಮೇಲೆ ಸುಮ್ಮನೆ ಇಡಿ. ನಟ್‌ನ ಎರಡು ಕೊನೆಯ ಗಾಡಿಗಳಿಂದ ಎರಡು ಹೊಲಿಗೆ ದಾರಗಳನ್ನು ಎಳೆದು, ಬ್ರಿಜ್ಜಿನ ಎರಡು ಕೊನೆಯ ಸ್ಯಾಡಲ್‌ಗಳ ಮೇಲಿಂದ ಹಾಯಿಸಿ, ಹಿಂದೆ ಟೇಪ್ ಅಂಟಿಸಿ. ಕಪ್ಪು ದಾರವಾದರೆ ಚೆನ್ನಾಗಿ ಕಾಣುತ್ತದೆ. ಈಗ ಕೊನೆಯ ಫ್ರೆಟ್ಟಿನ ಹತ್ತಿರ ಬಗ್ಗಿ ನೋಡಿ: ದಾರದಿಂದ ಫ್ರೆಟ್‌ಬೋರ್ಡಿನ ಅಂಚಿಗೆ ಇರುವ ಎಡೆ ಎರಡೂ ಬದಿಗೆ ಒಂದೇ ಇರಬೇಕು. ಒಂದು ಕಡೆ ಮೂರು ಮಿ.ಮೀ., ಇನ್ನೊಂದು ಕಡೆ ಎರಡು ಬಂದರೆ ಬ್ರಿಜ್ಜನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ನೋಡಿ. ನಾನು ಈ ಕೆಲಸದಲ್ಲಿ ಮಧ್ಯಾಹ್ನ ಎರಡರಿಂದ ಸಂಜೆ ಕಾಫಿಯ ತನಕ ಕೂತಿದ್ದೆ. ಮಗಳು ಬಂದು "ಅಪ್ಪ, ಗಾಳಿಪಟಕ್ಕೆ ಸೂತ್ರ ಕಟ್ತಿದೀಯಾ?" ಅಂತ ಕೇಳಿದಳು.

ಅಡ್ಡಕ್ಕೆ ಸರಿಯಾದ ಮೇಲೆ ಉದ್ದಕ್ಕೆ. ಅತಿ ತೆಳು ತಂತಿಯ ಸ್ಯಾಡಲ್ಲನ್ನು ಅದರ ಓಟದಲ್ಲಿ ಹೆಚ್ಚುಕಡಿಮೆ ಪೂರ್ತಿ ಮುಂದಕ್ಕೆ ತಿರುಗಿಸಿಡಿ. ಗೋಡೆಯ ಮೇಲೆ ಬರೆದ ಅಂಕಿ, 648, ನಟ್‌ನಿಂದ ಆ ಸ್ಯಾಡಲ್ಲಿನ ನೆತ್ತಿಗೆ ಬರುವಂತೆ ಬ್ರಿಜ್ಜನ್ನು ಇಡಿ. ತಂತಿಯನ್ನು ಫ್ರೆಟ್ಟಿಗೆ ಒತ್ತುವಾಗ ಅದು ಹಿಗ್ಗಿ ಸ್ವರ ಸ್ವಲ್ಪ ಏರುತ್ತದೆ, ದಪ್ಪ ತಂತಿಯಲ್ಲಿ ಇನ್ನೂ ಹೆಚ್ಚು. ಅದನ್ನು ತಿದ್ದಲು ಸ್ಯಾಡಲ್‌ಗಳು ಯಾವಾಗಲೂ ಹಿಂದಕ್ಕೆ ಹೋಗುತ್ತವೆ, ಮುಂದಕ್ಕೆ ಬರುವುದಿಲ್ಲ. ಅದಕ್ಕೇ ಮುಂದಿನ ತುದಿಯಿಂದ ಅಳತೆ. ನನ್ನ ಐದೂವರೆ ಮಿ.ಮೀ. ತಪ್ಪಿನಿಂದ ಹನ್ನೆರಡನೇ ಫ್ರೆಟ್ಟಿನ ಸ್ವರ 15 ಸೆಂಟ್ ಏರಿತ್ತು. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ 100 ಸೆಂಟ್ ಅಂತ ಲೆಕ್ಕ. 15 ಅಂದರೆ ಸಂಗೀತ ಬಾರದವರಿಗೂ ಎಲ್ಲೋ ಹುಳಿ ಹಿಂಡಿದಂತೆ ಕೇಳಿಸುತ್ತದೆ.

ಎಲ್ಲ ಸರಿ ಅನಿಸಿದ ಮೇಲೆ ದಾರ ತೆಗೆಯಿರಿ, ಒಂದು ಸುತ್ತು ಹೊರಗೆ ಹೋಗಿ ಬಂದು ಮತ್ತೆ ದಾರ ಕಟ್ಟಿ ಅಳೆಯಿರಿ. ಆಗಲೂ ಅದೇ ಬಂದರೆ ಬ್ರಿಜ್ಜಿನ ತೂತುಗಳನ್ನು ಗುರುತು ಮಾಡಿ.

ನೆಕ್ ಸ್ಕ್ರೂಗಳಿಗೆ ಬಾಡಿಯಲ್ಲಿ 4.5 ಮಿ.ಮೀ. ತೂತು, ಸ್ಕ್ರೂ ಅದರಲ್ಲಿ ಸಡಿಲವಾಗಿ ಜಾರಬೇಕು. ನೆಕ್ಕಿನಲ್ಲಿ 3 ಮಿ.ಮೀ. ತೂತು. ಎಷ್ಟು ಆಳ ಬೇಕೋ ಅಳೆದು ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿಕೊಳ್ಳಿ, ಇಲ್ಲದಿದ್ದರೆ ಬಿಟ್ಟು ಫ್ರೆಟ್‌ಬೋರ್ಡಿನ ಮೇಲೆ ತಲೆಯೆತ್ತುತ್ತದೆ. ಸ್ಕ್ರೂವಿನ ಸುತ್ತುಗೆರೆಗಳಿಗೆ ಮೇಣದಬತ್ತಿ ಉಜ್ಜಿ ತಿರುಗಿಸಿ. ಗಟ್ಟಿ ಮರದಲ್ಲಿ ಒಣ ಸ್ಕ್ರೂವಿನ ತಲೆ ಮುರಿದು ಬುಡ ಒಳಗೇ ಉಳಿದರೆ ಅದನ್ನು ತೆಗೆಯುವುದು ಹಲ್ಲು ಕೀಳಿಸಿದ್ದಕ್ಕಿಂತ ಕಷ್ಟ.

ಪಿಕಪ್ ಮತ್ತು ಕಂಟ್ರೋಲ್ ಕುಳಿಗಳನ್ನೂ ನಡುಗೆರೆಯಿಂದಲೇ ಅಳೆದು ತೋಡಿ. ಕಂಟ್ರೋಲ್ ಕುಳಿ ಸುಮಾರು 38 ಮಿ.ಮೀ. ಆಳ ಬೇಕು, 45ರ ಹಲಗೆಯಲ್ಲಿ ಅಡಿಗೆ ಉಳಿಯುವುದು ಏಳೇ ಮಿ.ಮೀ. ರೌಟರಿನ ಆಳದ ತಡೆಯನ್ನು ಎರಡು ಸಲ ನೋಡಿ. ಕುಳಿಯಿಂದ ಕುಳಿಗೆ ವೈರ್ ಹೋಗಲು, ಜ್ಯಾಕ್ ಕೂರಲು, ಬ್ರಿಜ್ಜಿನ ಕೆಳಗಿಂದ ಕಂಟ್ರೋಲ್ ಕುಳಿಗೆ ಗ್ರೌಂಡ್ ವೈರ್ ಬರಲು ಕೂಡ ಈಗಲೇ ತೂತು ಹಾಕಿ. ಆ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ.

ಬಣ್ಣ

ಅಂಚುಗಳನ್ನು 3 ಮಿ.ಮೀ. ಉರುಟು ಮಾಡಿ, 80, 120, 180, 220 ಅಂತ ಉಪ್ಪುಕಾಗದ ಏರಿಸುತ್ತಾ ಎಳೆಯ ಉದ್ದಕ್ಕೇ ಉಜ್ಜಿ. ಒಂದು ನಂಬರು ಹಾರಿಸಿದರೆ ಬಣ್ಣ ಬಿದ್ದ ಮೇಲೆ ಹಿಂದಿನ ಗೀರು ಎದ್ದು ಕಾಣುತ್ತದೆ. 220 ಆದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ, ಎಳೆಗಳು ಮುಳ್ಳಿನಂತೆ ಏಳುತ್ತವೆ. ಇನ್ನೊಮ್ಮೆ 220ರಲ್ಲಿ ಸವರಿ.

ಸುಲಭದ ದಾರಿ ಎಣ್ಣೆ. ಟಂಗ್ ಎಣ್ಣೆ ಅಥವಾ ಕಾಯಿಸಿದ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಹಚ್ಚಿ, ಒರೆಸಿ, ದಿನ ಬಿಟ್ಟು ದಿನ ಐದಾರು ಸಲ ಮಾಡಿದರೆ ಮುಗಿಯಿತು. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬೇಡಿ, ಅದು ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ ಅಥವಾ ನೀರಲ್ಲಿ ಮುಳುಗಿಸಿಡಿ.

ಎರಡನೆಯದು ಅರಗು. ಚನ್ನಪಟ್ಟಣದಲ್ಲಿ ಗೊಂಬೆಯನ್ನು ತಿರುಗಣಿಯಲ್ಲಿ ಸುತ್ತಿಸುತ್ತಾ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಕೂರುತ್ತದೆ. ಚಪ್ಪಟೆ ಗಿಟಾರಿಗೆ ಆ ಉಪಾಯ ನಡೆಯದು. ಅದೇ ಅರಗಿನ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದರೆ ನಮ್ಮ ಬಡಗಿಗಳ ಫ್ರೆಂಚ್ ಪಾಲಿಶ್. ಒಂದು ಲೀಟರಿಗೆ 200ರಿಂದ 250 ಗ್ರಾಂ. ಹತ್ತಿಯ ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿ, ಅದ್ದಿ, ಸುತ್ತು ಸುತ್ತಾಗಿ ಸವರಬೇಕು. ಹಲಸಿನ ಮೇಲೆ ಇದು ಕೊಡುವ ಹೊಳಪು ಬೇರೆ ಯಾವುದೂ ಕೊಡುವುದಿಲ್ಲ. ಮುಂಗೈ ತಾಗುವ ಕಡೆ ಬೆವರಿಗೆ ಮಾಸುತ್ತದೆ ಅನ್ನುವುದೊಂದೇ ತಕರಾರು, ಆದರೆ ಎರಡು ವರ್ಷಕ್ಕೊಮ್ಮೆ ಅದರ ಮೇಲೇ ಮತ್ತೆ ಹಚ್ಚಬಹುದು.

ಮೂರನೆಯದು ಡ್ಯೂಕೋ. ನಮ್ಮಲ್ಲಿ ಬಡಗಿಗಳೂ ಗ್ಯಾರೇಜಿನವರೂ ಸ್ಪ್ರೇ ಬಣ್ಣಕ್ಕೆಲ್ಲ ಡ್ಯೂಕೋ ಅನ್ನುತ್ತಾರೆ. ಅದು ಡುಪಾಂಟ್ ಕಂಪನಿಯ ಕಾರು ಬಣ್ಣದ ಹೆಸರಾಗಿತ್ತು, ನೈಟ್ರೋಸೆಲ್ಯುಲೋಸ್ ಲ್ಯಾಕರ್. ಐವತ್ತು ಅರವತ್ತರ ದಶಕದಲ್ಲಿ ಫೆಂಡರ್ ಗಿಟಾರುಗಳಿಗೆ ಬಳಿದದ್ದೂ ಕಾರಿನ ಬಣ್ಣಗಳನ್ನೇ. ಹೆಸರಾದ ಫಿಯೆಸ್ಟಾ ರೆಡ್ 1956ರ ಫೋರ್ಡ್ ಥಂಡರ್‌ಬರ್ಡ್ ಕಾರಿನದ್ದು. ಹಾಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರು ಬಣ್ಣದ ಅಂಗಡಿಗೆ ಗಿಟಾರ್ ಬಾಡಿ ಹಿಡಿದು ಹೋದರೆ ನಾಚಿಕೊಳ್ಳಬೇಕಿಲ್ಲ.

ಲ್ಯಾಕರ್ ಮಾಡುವವರು ಮೊದಲು ಮರದ ರಂಧ್ರ ತುಂಬಬೇಕು. ಹಲಸು, ಮಹಾಗನಿ ಎರಡೂ ತೆರೆದ ರಂಧ್ರದ ಮರಗಳು. ಫಿಲ್ಲರನ್ನು ಎಳೆಗೆ ಅಡ್ಡಲಾಗಿ ತಿಕ್ಕಿ, ಒಣಗಿದ ಮೇಲೆ ಉಜ್ಜಿ, ಆಮೇಲೆ ಸ್ಯಾಂಡಿಂಗ್ ಸೀಲರ್ ಎರಡು ಮೂರು ಕೋಟು, ಬಣ್ಣ, ಅದರ ಮೇಲೆ ಪಾರದರ್ಶಕ ಲ್ಯಾಕರ್ ಆರೆಂಟು ತೆಳು ಕೋಟು. ಸ್ಪ್ರೇ ಗನ್ನಿನ ಹಿಡಿಕೆ ಒತ್ತುವುದು ಬಾಡಿಯ ಹೊರಗೆ, ಬಿಡುವುದೂ ಬಾಡಿಯ ಹೊರಗೆ. ನೆಕ್ ಗುಂಡಿಗೆ ಟೇಪ್ ಅಂಟಿಸಲು ಮರೆಯಬೇಡಿ. ಅಷ್ಟು ಅಳೆದು ಕೂರಿಸಿದ ನೆಕ್ಕು ಹತ್ತು ಕೋಟಿನ ಮೇಲೆ ಕೂತರೆ ಒಂದೋ ಇಳಿಯುವುದಿಲ್ಲ, ಇಲ್ಲ ಅಂಚಿನ ಬಣ್ಣ ಸೀಳುತ್ತದೆ. ಹೊಗೆಗೆ ಮಾಮೂಲು ಬಟ್ಟೆ ಮಾಸ್ಕ್ ಸಾಲದು, ಕಾರ್ಟ್ರಿಜ್ ಇರುವುದು ಬೇಕು. ಒಲೆ, ದೇವರ ದೀಪ ಹತ್ತಿರ ಎಲ್ಲೂ ಇರಬಾರದು.

ಜುಲೈನಲ್ಲಿ ಲ್ಯಾಕರ್ ಹೊಡೆಯಬೇಡಿ. ನಾನು ಹೊಡೆದೆ. ಹತ್ತು ನಿಮಿಷಕ್ಕೆ ಕೆಂಪು ಬಾಡಿಯ ಮೇಲೆ ನಂದಿಬೆಟ್ಟದ ಮುಂಜಾವಿನಂತೆ ಬಿಳಿ ಮಂಜು ಕವಿಯಿತು. ತಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಸೇರಿಕೊಳ್ಳುವುದರಿಂದ ಹೀಗಾಗುತ್ತದೆ. ಒಣ ಹವೆ ಬರುವ ತನಕ ಕಾದು, ನಿಧಾನವಾಗಿ ಆರುವ ರಿಟಾರ್ಡರ್ ತಿನ್ನರ್ ಬೆರೆಸಿ ಒಂದು ತೆಳು ಕೋಟು ಹೊಡೆದರೆ ಮಂಜು ಬಿಡುತ್ತದೆ.

ಕೊನೆಯ ಕೋಟಿನ ನಂತರ ಬಾಡಿಯನ್ನು ನೇತುಹಾಕಿ ಮೂರು ನಾಲ್ಕು ವಾರ ಮುಟ್ಟಬೇಡಿ. ಮೂಗು ಹತ್ತಿರ ಹಿಡಿದರೆ ತಿನ್ನರ್ ವಾಸನೆ ಇನ್ನೂ ಬರುತ್ತಿದ್ದರೆ ಒಣಗಿಲ್ಲ. ಆಮೇಲೆ ಸೋಪು ನೀರಲ್ಲಿ ಅದ್ದಿದ 1000, 1500, 2000 ಕಾಗದದಲ್ಲಿ ಉಜ್ಜಿ, ಕಾರಿಗೆ ಹಾಕುವ ರಬ್ಬಿಂಗ್ ಕಾಂಪೌಂಡಿನಿಂದ ಹೊಳಪು ತನ್ನಿ. ಅಂಚುಗಳಲ್ಲಿ ಬಣ್ಣ ತೆಳುವಿರುತ್ತದೆ, ಅಲ್ಲಿ ಕೈ ಹಗುರ ಇರಲಿ. ಸ್ಕ್ರೂ ತೂತುಗಳೊಳಗೆ ನೀರು ಹೋದರೆ ಮರ ಉಬ್ಬಿ ಸುತ್ತ ಬಣ್ಣ ಬಿರಿಯುತ್ತದೆ, ಮೇಣ ತುಂಬಿಡಿ.

ಫ್ರೆಟ್ಟುಗಳು

ಬಣ್ಣ ಒಣಗುವ ವಾರಗಳಲ್ಲಿ ಈ ಕೆಲಸ. ಟ್ರಸ್ ರಾಡ್ ತಿರುಗಿಸಿ ನೆಕ್ಕನ್ನು ನೇರ ಮಾಡಿ, ಫ್ರೆಟ್‌ಬೋರ್ಡಿಗೆ ಟೇಪ್ ಅಂಟಿಸಿ, ಎಲ್ಲ ಫ್ರೆಟ್ಟುಗಳ ನೆತ್ತಿಗೂ ಕಪ್ಪು ಮಾರ್ಕರ್ ಬಳಿಯಿರಿ. ನೇರ ಅಲ್ಯೂಮಿನಿಯಂ ಪಟ್ಟಿಗೆ 320ರ ಕಾಗದ ಅಂಟಿಸಿ ಉದ್ದಕ್ಕೆ ಮೆಲ್ಲಗೆ ಓಡಿಸಿ. ಎತ್ತರದ ಫ್ರೆಟ್ಟಿನ ಮಸಿ ಮೊದಲು ಹೋಗುತ್ತದೆ, ತಗ್ಗಿನದ್ದು ಉಳಿದಿರುತ್ತದೆ. ಕೊನೆಯ ಮಸಿ ಹೋದ ಗಳಿಗೆಗೆ ನಿಲ್ಲಿಸಿ. ಈಗ ನೆತ್ತಿ ಚಪ್ಪಟೆಯಾಗಿದೆ, ಮತ್ತೆ ಮಸಿ ಬಳಿದು ಮೂರು ಮೂಲೆಯ ಅರದಿಂದ ಎರಡೂ ಇಳಿಜಾರನ್ನು ಉರುಟು ಮಾಡುತ್ತಾ ನಡುವೆ ಕೂದಲಿನಷ್ಟು ಮಸಿ ಗೆರೆ ಉಳಿಸಿ. ಅರದ ಮೂಲೆಗಳನ್ನು ಮೊದಲೇ ಸಾಣೆ ಹಿಡಿದು ಮೊಂಡು ಮಾಡಿಕೊಳ್ಳಿ, ಮರಕ್ಕೆ ತಾಗದ ಹಾಗೆ. ಆಮೇಲೆ 600ರಿಂದ 2000. ಸ್ಟೀಲ್ ವುಲ್ ಬಳಸುವುದಾದರೆ ಪಿಕಪ್ ಬೇರೆ ಕೋಣೆಯಲ್ಲಿರಲಿ, ಅದರ ಅಯಸ್ಕಾಂತಕ್ಕೆ ಅಂಟಿದ ಕಬ್ಬಿಣದ ಎಳೆ ಜನ್ಮಕ್ಕೂ ಬಿಡುವುದಿಲ್ಲ.

ವೈರಿಂಗ್

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್ಲ ಸಿಗುತ್ತದೆ, ಪಾಟ್ (ಸದ್ದು, ಟೋನ್ ಏರಿಳಿಸುವ ತಿರುಪು) ಕೊಳ್ಳುವಾಗ ಮಾತ್ರ ಎಚ್ಚರ. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ಪಿಗೆ 250 ಕಿಲೋ ಓಮ್, ಎರಡು ಸುರುಳಿಯ ಹಂಬಕರ್ ಆದರೆ 500. ಬೆನ್ನ ಮೇಲೆ 'ಎ' ಅಂತ ಇರುವುದು ಕಿವಿಗೆ ತಕ್ಕಂತೆ ಏರುವಂಥದ್ದು, 'ಬಿ' ಬೇಡ. ಟೋನಿಗೆ 0.022 ಅಥವಾ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದರ ಮೇಲೆ 223 ಅಥವಾ 473 ಎಂದು ಬರೆದಿರುತ್ತದೆ. ಪಾಟಿನ ಬೆನ್ನಿಗೆ ಬೆಸುಗೆ ಹಾಕಲು 25 ವ್ಯಾಟಿನ ಐರನ್ ಸಾಲದು. ಅದನ್ನು ಹಿಡಿದು ಕಾಯುತ್ತಾ ಕೂತರೆ ಒಳಗಿನ ಪಟ್ಟಿ ಸುಡುತ್ತದೆ. 60 ವ್ಯಾಟಿನದ್ದರಲ್ಲಿ ಬೆನ್ನನ್ನು ಸ್ವಲ್ಪ ಗೀರಿ, ಮೂರು ಸೆಕೆಂಡಿನಲ್ಲಿ ಮುಗಿಸಿ. ಬೆಸುಗೆ ಹೊಳೆಯಬೇಕು. ಮಂಕಾಗಿ ಉಂಡೆಗಟ್ಟಿದ್ದರೆ ಹಿಡಿದಿಲ್ಲ.

ಕುಳಿಗಳ ಒಳಗೆ ತಾಮ್ರದ ಟೇಪ್ ಅಂಟಿಸಿ, ತುಂಡಿನಿಂದ ತುಂಡಿಗೆ ಸಂಪರ್ಕ ಇದೆಯೇ ಎಂದು ಮಲ್ಟಿಮೀಟರ್ ಕೂಗಿಸಿ ನೋಡಿ, ಗ್ರೌಂಡಿಗೆ ಸೇರಿಸಿ. ತಂತಿ ಕಟ್ಟುವ ಮೊದಲೇ ಆಂಪ್ಲಿಫೈಯರಿಗೆ ಹಾಕಿ ಸ್ಕ್ರೂಡ್ರೈವರಿನಿಂದ ಪಿಕಪ್ಪನ್ನು ಮೆಲ್ಲಗೆ ತಟ್ಟಿದರೆ ಟಕ್ ಅನ್ನಬೇಕು, ಸ್ವಿಚ್ಚಿನ ಮೂರು ಸ್ಥಾನದಲ್ಲೂ. ತಂತಿ ಕಟ್ಟಿದ ಮೇಲೆ ಅದನ್ನು ಮುಟ್ಟಿದಾಗ ಗುಂಯ್ ಸದ್ದು ಕಡಿಮೆಯಾದರೆ ಸರಿ. ಮುಟ್ಟಿದಾಗ ಹೆಚ್ಚಾದರೆ ಜ್ಯಾಕಿನಲ್ಲಿ ಎರಡು ವೈರು ಅದಲು ಬದಲಾಗಿವೆ. ಮುಟ್ಟಿದರೂ ಬಿಟ್ಟರೂ ಒಂದೇ ಆದರೆ ಬ್ರಿಜ್ಜಿನ ಗ್ರೌಂಡ್ ವೈರ್ ಸೇರಿಲ್ಲ. ತಂತಿಗಳು ಆಂಪ್ಲಿಫೈಯರಿನ ಮೂಲಕ ನಿಮ್ಮ ಮನೆಯ ಅರ್ಥಿಂಗಿಗೆ ಸೇರಿರುತ್ತವೆ ಅನ್ನುವುದು ನೆನಪಿರಲಿ. ಮೂರು ಪಿನ್ನಿನ ಸಾಕೆಟ್ಟಿನ ಅರ್ಥ್ ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿದ ಮೇಲೆಯೇ ನುಡಿಸಿ.

ತಂತಿ ಕಟ್ಟಿದ ಮೇಲೆ

ಶ್ರುತಿ ಮಾಡಿ ಒಂದು ರಾತ್ರಿ ಬಿಡಿ. ಮರುದಿನ ಮತ್ತೆ ಶ್ರುತಿ ಮಾಡಿ, ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಹದಿನೇಳನೆಯದರಲ್ಲೂ ಒತ್ತಿ ಹಿಡಿದು, ನಡುವೆ ಎಂಟನೇ ಫ್ರೆಟ್ಟಿನ ಮೇಲೆ ಎಷ್ಟು ಎಡೆ ಇದೆ ನೋಡಿ. 0.25 ಮಿ.ಮೀ. ಇರಬೇಕು. ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಸೆಟ್ ಮಾಡುವ ಫೀಲರ್ ಗೇಜ್ ಇದಕ್ಕೆ ಹೇಳಿ ಮಾಡಿಸಿದ್ದು. ಎಡೆ ಹೆಚ್ಚಿದ್ದರೆ ಟ್ರಸ್ ರಾಡ್ ಬಿಗಿ, ಕಡಿಮೆಯಿದ್ದರೆ ಸಡಿಲ, ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಆಮೇಲೆ ತಂತಿಯ ಎತ್ತರ: ಹನ್ನೆರಡನೇ ಫ್ರೆಟ್ಟಿನ ಮೇಲೆ ತೆಳು ತಂತಿಗೆ 1.6, ದಪ್ಪ ತಂತಿಗೆ 2 ಮಿ.ಮೀ.ಯಿಂದ ಶುರು ಮಾಡಿ. ನಟ್ ಗಾಡಿ ಆಳ ನೋಡಲು ಮೂರನೇ ಫ್ರೆಟ್ ಒತ್ತಿ, ಮೊದಲ ಫ್ರೆಟ್ಟಿನ ಮೇಲೆ ತಂತಿ ತಾಗಿಯೂ ತಾಗದಂತೆ ನಿಂತಿರಬೇಕು. ಕೊನೆಗೆ ಒಂದೊಂದೇ ಸ್ಯಾಡಲ್. ಹನ್ನೆರಡನೇ ಫ್ರೆಟ್ಟಿನ ಮೇಲೆ ಬೆರಳು ತಾಗಿಸಿ ಮೀಟಿದ ಸ್ವರ, ಅಲ್ಲೇ ಒತ್ತಿ ಮೀಟಿದ ಸ್ವರ, ಎರಡೂ ಟ್ಯೂನರಿನಲ್ಲಿ ಒಂದೇ ತೋರಿಸಬೇಕು. ಒತ್ತಿದ್ದು ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಕ್ರಮ ಇದೇ ಇರಲಿ, ಮೊದಲಿನದು ಬದಲಾದರೆ ಆಮೇಲಿನದೆಲ್ಲ ಕೆಡುತ್ತದೆ.

ಫೆಬ್ರವರಿ, ಮಾರ್ಚ್‌ನ ಒಣ ಹವೆಗೆ ಫ್ರೆಟ್‌ಬೋರ್ಡ್ ಕುಗ್ಗಿ ಫ್ರೆಟ್ಟಿನ ತುದಿಗಳು ಅಂಗೈಗೆ ಚುಚ್ಚತೊಡಗಬಹುದು. ಸಣ್ಣ ಅರದಲ್ಲಿ ತುದಿ ಸವರಿದರೆ ಸಾಕು. ಮಳೆಗಾಲಕ್ಕೆ ನೆಕ್ಕಿನ ಬಾಗು ಬದಲಾದರೆ ಮತ್ತೆ ಕಾಲು ಸುತ್ತು. ಟ್ರಸ್ ರಾಡ್ ಕೀಲಿಯನ್ನು ಗಿಟಾರಿನ ಚೀಲದಲ್ಲೇ ಇಟ್ಟಿರಿ.

ನನ್ನ ಮೊದಲ ಗಿಟಾರಿನ ಬ್ರಿಜ್ ತೂತುಗಳಿಗೆ ಹಲಸಿನ ಬೆಣೆ ಹೊಡೆದು, ಐದೂವರೆ ಮಿ.ಮೀ. ಹಿಂದೆ ಹೊಸ ತೂತು ಹಾಕಿದೆ. ಬೆಣೆಗಳು ಬ್ರಿಜ್ಜಿನ ತಗಡಿನ ಕೆಳಗೆ ಅಡಗಿವೆ. ಒಂದು ಮಾತ್ರ ಮುಂದಂಚಿನಿಂದ ಅರ್ಧ ಇಣುಕುತ್ತದೆ. ಗಿಟಾರ್ ಕೈಗೆತ್ತಿಕೊಂಡ ಆಚಾರ್ರು ಮೊದಲು ಬೆರಳಿಟ್ಟದ್ದು ಅದರ ಮೇಲೆ. "ಮಳೆಗಾಲಕ್ಕೆ ಉಬ್ಬಿದ್ದು ಇದೇನಾ?" ಅಂದರು.